ಹೆಂಚು ಹೊದಿಸುವ ತನಕ

ಹೋಲ್ಮ್‌ಸೀಲ್ ಪಟ್ಟಣ ಕಚೇರಿಯ ಎರಡನೇ ಮಹಡಿಯಲ್ಲಿ ಒಂದು ಕೋಣೆ ಚಳಿಗಾಲದ ಬೆಳಗಿನಲ್ಲಿ ಕತ್ತಲಾಗಿಯೇ ಇರುತ್ತಿತ್ತು. ಉತ್ತರ ಸಮುದ್ರದ ಕಡೆಯ ಚಳಿಗಾಲ, ಎಂಟೂವರೆಯಾದರೂ ಬೆಳಕು ಹರಿಯುವುದಿಲ್ಲ. ಸುತ್ತಲ ಕಿಟಕಿಗಳೆಲ್ಲ ಒಂದೊಂದಾಗಿ ಹೊತ್ತಿಕೊಂಡರೂ ಅದೊಂದು ಹೊತ್ತಿಕೊಳ್ಳುತ್ತಿರಲಿಲ್ಲ. ಹೊಸಬರು ಯಾರಾದರೂ ಬಾಗಿಲು ತೆರೆದರೆ ಒಳಗಿನ ಕತ್ತಲಲ್ಲಿ ಟಕಟಕ ಟೈಪು ಮಾಡುವ ಸದ್ದು ಕೇಳಿ ಬೆಚ್ಚಿಬೀಳುವರು. ಗಾಬರಿಯಲ್ಲಿ ಗೋಡೆ ತಡವಿ ದೀಪ ಹಾಕುವರು, ಆಮೇಲೆ ನಾಲಿಗೆ ಕಚ್ಚಿಕೊಂಡು ಕ್ಷಮೆ ಕೇಳುವರು.

"ಹಾಕ್ಕೊಳ್ಳಿ, ಹಾಕ್ಕೊಳ್ಳಿ," ಎನ್ನುವರು ಟೆಲ್ಜೆ ಟೀಸನ್, ಕೈ ನಿಲ್ಲಿಸದೆ. "ಈ ಕಚೇರೀಲಿ ಕರೆಂಟು ಉಳಿಸೋಳು ನಾನೊಬ್ಬಳೇ. ಅದಕ್ಕೂ ನಿಮಗೆ ಹೊಟ್ಟೆಕಿಚ್ಚು."

ಟೆಲ್ಜೆಗೆ ಮೂರನೇ ವಯಸ್ಸಿನಲ್ಲೇ ಕಣ್ಣು ಹೋಗಿತ್ತು. ಇಪ್ಪತ್ತಾರು ವರ್ಷದಿಂದ ಅವರು ಆ ಕೋಣೆಯಲ್ಲಿ ಕೂತು ಪುರಸಭೆಯ ನಡಾವಳಿ ಟೈಪು ಮಾಡುತ್ತಿದ್ದರು. ಸಭೆಯ ಧ್ವನಿಮುದ್ರಣ ಕೇಳಲು ಕಿವಿಗೆ ಹೆಡ್‌ಫೋನು, ಅದನ್ನು ನಿಲ್ಲಿಸಿ ಓಡಿಸಲು ಕಾಲಡಿ ಒಂದು ಪೆಡಲು, ಕೀಬೋರ್ಡಿನ ಕೆಳಗೆ ಉದ್ದನೆಯ ಬ್ರೈಲ್ ಪಟ್ಟಿ. ಪರದೆಯ ಮೇಲೆ ಮೂಡಿದ ಸಾಲು ಆ ಪಟ್ಟಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಮೇಲೇಳುವುದು, ಬೆರಳು ಅದನ್ನು ಸವರಿ ಓದುವುದು. ಪ್ರತಿ ನಡಾವಳಿಯ ಕೊನೆಯಲ್ಲಿ 'ಬರೆದವರು: ಟಿ. ಟೀಸನ್' ಎಂದು ದಪ್ಪಕ್ಷರದಲ್ಲಿ ಇರುತ್ತಿತ್ತು. ಮುಂದಿನ ಸಭೆ ಶುರುವಾಗುವಾಗ ಮೇಯರ್ ರೂಢಿಯಂತೆ ಕೇಳುವರು: "ಕಳೆದ ನಡಾವಳಿಗೆ ಯಾರದಾದರೂ ಆಕ್ಷೇಪಣೆ?" ಹೋಲ್ಮ್‌ಸೀಲಿನ ಸದಸ್ಯರು ನಾಯಿ ತೆರಿಗೆಗೆ ಕಾದಾಡಿದ್ದರು, ಕಡಲ ಒಡ್ಡಿನ ಮೇಲಿನ ಕುರಿಹಿಕ್ಕೆಗೆ ಕಾದಾಡಿದ್ದರು. ಆ ಪ್ರಶ್ನೆಗೆ ಮಾತ್ರ ಇಪ್ಪತ್ತಾರು ವರ್ಷದಲ್ಲಿ ಒಂದು ಕೈಯೂ ಮೇಲೆದ್ದಿರಲಿಲ್ಲ. ಗಂಡ ಮಕ್ಕಳಿಲ್ಲದ ಟೆಲ್ಜೆಗೆ ಆಸ್ತಿ ಎಂದರೆ ಅದೇ.

ಆ ಆಸ್ತಿ ಕರಗಿದ್ದು ಬೋಯೆ ಕಾರ್ಸ್ಟನ್ಸನ್‌ನ ಕೈಯಿಂದ.

ಬೋಯೆ ಕಚೇರಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ವಿಭಾಗ ಎಂದರೆ ಅವನೊಬ್ಬನೇ, ನೆಲಮಾಳಿಗೆಯ ಒಂದು ಕೋಣೆ. ಹದಿನೇಳಕ್ಕೆ ಕೆಲಸ ಕಲಿಯಲು ಬಂದವನಿಗೆ ಈಗ ನಲವತ್ತೆರಡು. ಸೇರಿದ ಮೊದಲ ತಿಂಗಳಲ್ಲೇ ಅವನು ಏನೋ ಮಾಡಲು ಹೋಗಿ ಎರಡು ಸಭೆಗಳ ನಡಾವಳಿಯನ್ನು ಹೇಳಹೆಸರಿಲ್ಲದಂತೆ ಅಳಿಸಿಹಾಕಿದ್ದ. ಮುಖ ಸಣ್ಣದು ಮಾಡಿಕೊಂಡು ಮೇಲೆ ಹೋದರೆ ಟೆಲ್ಜೆ, "ಟೇಪು ಇದೆ ತಾನೆ? ಹೋಗು, ಬಾಯಿ ಮುಚ್ಕೊಂಡು ನಿನ್ನ ಕೆಲಸ ನೋಡು," ಎಂದಿದ್ದರು. ಎರಡು ದಿನ ಊಟದ ಬಿಡುವಿಲ್ಲದೆ ಎಲ್ಲವನ್ನೂ ಮತ್ತೆ ಟೈಪು ಮಾಡಿ ಇಟ್ಟರು. ಇವತ್ತಿನವರೆಗೆ ಆ ಸುದ್ದಿ ಮೂರನೆಯವರ ಕಿವಿಗೆ ಬಿದ್ದಿಲ್ಲ. ಆವಾಗಿನಿಂದ ಅವನು ಅವರಿಗೆ 'ನೀನು', ಅವರು ಅವನಿಗೆ ಆ ಕಡೆಯ ಮರ್ಯಾದೆಯಂತೆ 'ಫ್ರಾವ್ ಟೀಸನ್, ನೀವು'.

ರಾಜ್ಯ ಸರ್ಕಾರದ ಸುತ್ತೋಲೆ ಬಂದದ್ದು ಜನವರಿಯಲ್ಲಿ. ಪತ್ರ ಬರೆಯಲು, ಮೇಲ್ ಕಳಿಸಲು, ಪರದೆಯಲ್ಲಿ ಮುಖ ನೋಡಿಕೊಂಡು ಸಭೆ ಮಾಡಲು, ಎಲ್ಲಕ್ಕೂ ಸಾಗರದಾಚೆಯ ಕಂಪನಿಗಳನ್ನೇ ನೆಚ್ಚಿಕೊಂಡಿದ್ದು ಸಾಕು. ಸೆಪ್ಟೆಂಬರ್ ಒಂದರಿಂದ ಎಲ್ಲ ಕಚೇರಿಗಳೂ ಇಲ್ಲಿಯವರೇ ಕೂಡಿ ಕಟ್ಟಿದ, ಯಾರು ಬೇಕಾದರೂ ಒಳಗನ್ನು ತೆರೆದು ನೋಡಿ ತಿದ್ದಬಹುದಾದ ಮುಕ್ತ ಸಾಫ್ಟ್‌ವೇರಿಗೆ ಬರಬೇಕು. ಬೋಯೆ ಅದನ್ನು ಮೂರು ಸಲ ಓದಿದ. ಹದಿನೈದು ವರ್ಷದಿಂದ ಪ್ರತಿ ಸಭೆಯಲ್ಲೂ ಅವನು ಇದನ್ನೇ ಹೇಳಿದ್ದ, ಉಳಿದವರು ಗಡಿಯಾರ ನೋಡಿಕೊಂಡಿದ್ದರು. ಆ ಹೊಸ ಸಾಫ್ಟ್‌ವೇರಿನ ಹೊಟ್ಟೆಯೊಳಗೆ ಎಲ್ಲೋ ಅವನದೇ ಎರಡು ಸಣ್ಣ ತಿದ್ದುಪಡಿಗಳೂ ಇದ್ದವು. ಅವತ್ತು ಅವನ ಕಾಲು ನೆಲದ ಮೇಲಿರಲಿಲ್ಲ.

"ಇಷ್ಟು ದಿನ ಬಾಡಿಗೆ ಮನೇಲಿದ್ವಿ, ಫ್ರಾವ್ ಟೀಸನ್," ಎಂದ ಮಧ್ಯಾಹ್ನ ಟೀ ಕೋಣೆಯಲ್ಲಿ. "ಒಂದು ಮೊಳೆ ಹೊಡೀಬೇಕಾದ್ರೂ ಓನರ್‌ನ ಕೇಳ್ಬೇಕಿತ್ತು. ನಾಳೆ ಅವನು ಬೀಗ ಬದಲಾಯಿಸಿದ್ರೆ ನಾವು ಬೀದಿಪಾಲು. ಇದು ಹಾಗಲ್ಲ, ಸ್ವಂತ ಮನೆ. ಸೂರು ಸೋರಿದ್ರೆ ನಾವೇ ಏಣಿ ಹಾಕಿ ಹತ್ತಿ ಹೆಂಚು ಹೊದಿಸ್ತೀವಿ."

"ಹೊದಿಸೋ ತನಕ ನೆನೆಯೋರು ಯಾರಪ್ಪಾ?"

ಮುಂಬಾಗಿಲ ಕೌಂಟರಿನ ಗೇಸ್ಕೆಗೆ ಕುಡಿಯುತ್ತಿದ್ದ ಟೀ ನೆತ್ತಿಗೇರಿತು. "ಕೇಳಿಸ್ತಾ ಬೋಯೆ? ಉತ್ತರ ಕೊಡು, ಉತ್ತರ ಕೊಡು!" ಎಂದು ಕೆಮ್ಮುತ್ತಲೇ ಅವನ ಬೆನ್ನಿಗೆ ಗುದ್ದಿದಳು. ಬೋಯೆಯೂ ನಕ್ಕ. ಅವತ್ತು ಅವನಿಗೆ ಎಲ್ಲದಕ್ಕೂ ನಗು ಬರುತ್ತಿತ್ತು.

ಸುತ್ತೋಲೆಯ ಜೊತೆ ಒಂದು ಪುಟದ ನಮೂನೆ ಇತ್ತು. ಯಾರಿಗಾದರೂ ಹಳೆಯ ಸಾಫ್ಟ್‌ವೇರ್ ಇನ್ನೂ ಬೇಕೇಬೇಕು ಎಂದಾದರೆ ಕಾರಣ ಬರೆದು ವಿನಾಯಿತಿ ಕೇಳಬಹುದು. ಒಂದೂ ವಿನಾಯಿತಿ ಕೇಳದ ಕಚೇರಿಗೆ ಸಚಿವಾಲಯದಿಂದ ಪ್ರಶಂಸಾಪತ್ರ. ಮೇಯರ್ ಬ್ರೋಡರ್ಸನ್ ಆಗಲೇ ಅದನ್ನು ನೇತುಹಾಕುವ ಗೋಡೆ ಗೊತ್ತುಮಾಡಿಕೊಂಡಿದ್ದರು.

ಜೂನಿನಲ್ಲಿ ಬೋಯೆ ಟೆಲ್ಜೆಯನ್ನು ನೆಲಮಾಳಿಗೆಗೆ ಕರೆದು ಕೂರಿಸಿದ. ಅವರ ಬ್ರೈಲ್ ಪಟ್ಟಿಯನ್ನು ಹೊಸ ಸಾಫ್ಟ್‌ವೇರಿಗೆ ಜೋಡಿಸಿ, ನಾಯಿ ತೆರಿಗೆ ಬಾಕಿಯವರಿಗೆ ಕಳಿಸುವ ಒಂದು ಪತ್ರ ತೆರೆದ. ಟೆಲ್ಜೆ ಓದಿದರು, ನಾಲ್ಕು ಸಾಲು ಟೈಪು ಮಾಡಿದರು.

"ಸ್ವಲ್ಪ ತೊದಲ್ತದೆ. ಆದ್ರೆ ಏನು ಹೇಳ್ತಿದೆ ಅಂತ ತಿಳಿಯುತ್ತೆ."

"ಅಂದ್ರೆ ಆಗುತ್ತೆ ತಾನೆ?"

ಕಣ್ಣಿಲ್ಲದವರಿಗೆ ದನಿಯೇ ಮುಖ. ಅವನ ದನಿಯಲ್ಲಿದ್ದ ಆಸೆ ಅವರಿಗೆ ಕೇಳಿಸಿರಬೇಕು. "ನೀನು ಆಗುತ್ತೆ ಅಂದ್ಮೇಲೆ ಆಗುತ್ತೆ ಬಿಡು," ಎಂದು ಎದ್ದರು.

ಬೋಯೆ ನಮೂನೆಯಲ್ಲಿ ವಿನಾಯಿತಿ ಸೊನ್ನೆ ಎಂದು ಬರೆದ. 'ಸಂಬಂಧಪಟ್ಟ ನೌಕರರನ್ನೇ ಕೂರಿಸಿ ಪರೀಕ್ಷಿಸಲಾಗಿದೆ' ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿದ. ಸುಳ್ಳೇನಲ್ಲ. ಆದರೆ ಟೆಲ್ಜೆ ಪತ್ರ ಟೈಪು ಮಾಡುವವರಲ್ಲ, ನಡಾವಳಿ ಟೈಪು ಮಾಡುವವರು. ನಡಾವಳಿಯಲ್ಲಿ ಪ್ರತಿ ಮತದಾನಕ್ಕೂ ಒಂದು ಕೋಷ್ಟಕ ಇರುತ್ತದೆ: ಪರ, ವಿರೋಧ, ತಟಸ್ಥ. ಕಣ್ಣಿದ್ದವನಿಗೆ ಕೋಷ್ಟಕ ಒಂದು ಲೆಕ್ಕವೇ ಅಲ್ಲ, ತಾನು ಯಾವ ಚೌಕದಲ್ಲಿದ್ದೇನೆ ಎಂದು ನೋಡಿದರೆ ಕಾಣುತ್ತದೆ. ಅದನ್ನು ಪರೀಕ್ಷಿಸಬೇಕೆಂದು ಬೋಯೆಗೆ ಹೊಳೆಯಲೇ ಇಲ್ಲ.

ಹಳೆಯ ಸಾಫ್ಟ್‌ವೇರು ಬೆರಳಿಗೆ ಹೇಳುತ್ತಿತ್ತು: ಎರಡನೇ ಸಾಲು, ಮೂರನೇ ಚೌಕ. ಹೊಸದು ಹೇಳುತ್ತಿರಲಿಲ್ಲ. ಟೆಲ್ಜೆ ಮನಸ್ಸಿನಲ್ಲೇ ಎಣಿಸಿಕೊಂಡು ಒಂದು ಚೌಕದಿಂದ ಇನ್ನೊಂದಕ್ಕೆ ಹೆಜ್ಜೆಯಿಡಬೇಕಿತ್ತು, ಅಪರಿಚಿತ ಮೆಟ್ಟಿಲಲ್ಲಿ ಇಳಿಯುವವರ ಹಾಗೆ. ಸೆಪ್ಟೆಂಬರ್ ಹೇಗೋ ದಾಟಿತು. ಅಕ್ಟೋಬರಿನಲ್ಲಿ ಊರಿನ ಈಜುಕೊಳ ಮುಚ್ಚಬೇಕೆಂಬ ಠರಾವು ಬಂತು. ಪರ ಐದು, ವಿರೋಧ ಹನ್ನೊಂದು, ಕೊಳ ಉಳಿಯಿತು. ಟೈಪು ಮಾಡುವಾಗ ಎಣಿಕೆ ಎಲ್ಲೋ ಒಮ್ಮೆ ತಪ್ಪಿ, ಐದರ ಜಾಗದಲ್ಲಿ ಹನ್ನೊಂದು, ಹನ್ನೊಂದರ ಜಾಗದಲ್ಲಿ ಐದು ಹೋಗಿ ಕೂತವು. ನಡಾವಳಿ ಜಾಲತಾಣಕ್ಕೆ ಏರಿತು. ಶನಿವಾರದ ಪತ್ರಿಕೆಯಲ್ಲಿ 'ಈಜುಕೊಳಕ್ಕೆ ಬೀಗ' ಎಂದು ಬಂತು.

ಸೋಮವಾರ ಬೆಳಗಿನಿಂದ ಗೇಸ್ಕೆಯ ಫೋನು ಬಾಯಿ ಮುಚ್ಚಲಿಲ್ಲ. ಮೇಯರ್ ಕಾಗದ ಹಿಡಿದು ಟೀ ಕೋಣೆಗೇ ಬಂದರು. ಎಲ್ಲರೂ ಅಲ್ಲೇ ಇದ್ದರು.

"ಯಾರು ಟೈಪ್ ಮಾಡಿದ್ದು ಇದನ್ನ?"

"ನಾನು," ಎಂದರು ಟೆಲ್ಜೆ. "ಕೆಳಗೆ ಹೆಸರಿದೆಯಲ್ಲ, ಹೆರ್ ಬ್ರೋಡರ್ಸನ್. ದಪ್ಪಕ್ಷರದಲ್ಲೇ ಇರ್ಬೇಕು."

ಬ್ರೋಡರ್ಸನ್ ಕೆಟ್ಟವರಲ್ಲ. ಬೈಯಲು ಬಂದವರು ಅವರ ಮುಖ ನೋಡಿ ಮೆತ್ತಗಾದರು. "ಹೋಗ್ಲಿ ಬಿಡಿ ಫ್ರಾವ್ ಟೀಸನ್," ಎಂದರು. "ವಯಸ್ಸು ಯಾರನ್ನ ಕೇಳಿ ಬರುತ್ತೆ? ನಂಗೂ ಈಗೀಗ ಮರೆವು."

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಟೆಲ್ಜೆ ಲೋಟ ತೊಳೆದಿಟ್ಟು ಗೋಡೆ ಸವರಿಕೊಂಡು ಹೊರಟರು. ಸಾಮಾನ್ಯವಾಗಿ ಅವರು ಗೋಡೆ ಸವರುತ್ತಿರಲಿಲ್ಲ.

ಕಾಫಿ ಯಂತ್ರದ ಪಕ್ಕ ನಿಂತಿದ್ದ ಬೋಯೆಗೆ ಆ ಕ್ಷಣವೇ ಎಲ್ಲ ಹೊಳೆದಿತ್ತು. ಹತ್ತು ದಿನದಲ್ಲಿ ಸಚಿವಾಲಯದವರು ಪ್ರಶಂಸಾಪತ್ರ ತರುವವರಿದ್ದರು. ತಪ್ಪು ಇವರದಲ್ಲ, ನನ್ನದು ಎಂಬ ಮೂರು ಮಾತು ಸಾಕಿತ್ತು. ಬೋಯೆ ತಿರುಗಿ ಯಂತ್ರದ ಗುಂಡಿ ಒತ್ತಿದ.

ಜಾಲತಾಣದ ನಡಾವಳಿ ತಿದ್ದಿ ಮತ್ತೆ ಏರಿಸಿ, ಮಧ್ಯಾಹ್ನ ಎರಡನೇ ಮಹಡಿಗೆ ಹೋದ. ಹೆಡ್‌ಫೋನು ಮೇಜಿನ ಮೇಲಿತ್ತು. ಟೆಲ್ಜೆ ಕೈಕಟ್ಟಿಕೊಂಡು ಕೂತಿದ್ದರು.

"ಹೊಸದು ಯಾವ ಚೌಕ ಅಂತ ಹೇಳ್ತಿಲ್ಲ, ಅಲ್ವಾ?" ಎಂದ.

"ಇಲ್ಲ."

"ಮೊದಲೇ ಯಾಕೆ ಹೇಳ್ಲಿಲ್ಲ ನೀವು?"

"ನೀನು ಅಷ್ಟು ಖುಷೀಲಿದ್ದೆ," ಎಂದರು ಟೆಲ್ಜೆ. ಆಮೇಲೆ, "ಹಳೇದನ್ನ ನನ್ನ ಮೇಜಿಗೆ ಮಾತ್ರ ಒಂದಷ್ಟು ದಿನ ವಾಪಸ್ ಹಾಕ್ಕೊಡೋಕೆ ಆಗುತ್ತಾ, ಬೋಯೆ?"

ಇಪ್ಪತ್ತೈದು ವರ್ಷದಲ್ಲಿ ಅವರು ಅವನನ್ನು ಕೇಳಿದ್ದು ಅದೊಂದೇ. ಆಗುತ್ತಿತ್ತು. ಆ ಒಂದು ಪುಟದ ನಮೂನೆ ಅವನ ಡ್ರಾಯರಿನಲ್ಲೇ ಇತ್ತು, ತಡವಾದರೂ ಕಾರಣ ಬರೆದು ಕಳಿಸಬಹುದಿತ್ತು. ಆದರೆ ಕಾರಣ ಬರೆಯಬೇಕಾದರೆ ತಾನು ಸರಿಯಾಗಿ ಪರೀಕ್ಷಿಸಲಿಲ್ಲ ಎಂದು ಬರೆಯಬೇಕು. ಗೋಡೆಗೆ ಬರಲಿರುವ ಚೌಕಟ್ಟು ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, 'ನೋಡಿದಿರಾ, ನಮ್ಮದೇ ಎಂದಿರಿ, ಎರಡನೇ ತಿಂಗಳೇ ಕೈಕೊಟ್ಟಿತು' ಎಂದು ಹದಿನೈದು ವರ್ಷ ಗಡಿಯಾರ ನೋಡಿಕೊಂಡವರೆಲ್ಲ ನಗುತ್ತಾರೆ.

"ಎರಡು ವಾರ ಕೊಡಿ," ಎಂದ. "ನಾನೇ ರಿಪೇರಿ ಮಾಡ್ತೀನಿ. ಹಳೇದ್ರಲ್ಲಿ ಹಾಗೆ ಮಾಡೋಕೆ ಬಿಡ್ತಿದ್ರಾ? ಇದರ ದೊಡ್ಡತನವೇ ಅದು."

"ಏಣಿ ಹಾಕ್ತೀಯಾ?"

"ಹಾಕ್ತೀನಿ."

"ಹಾಕು ಹಾಗಾದ್ರೆ."

ಶನಿವಾರಗಳಂದು ಬೋಯೆ ಮಗಳು ಲೆವ್ಕೆಯನ್ನು ಈಜು ಕಲಿಯಲು ಕರೆದೊಯ್ಯುತ್ತಿದ್ದ, ಬೀಗ ಬೀಳದೆ ಉಳಿದ ಅದೇ ಕೊಳಕ್ಕೆ. ಕ್ಲೋರಿನ್ ವಾಸನೆಯ ಸೆಕೆಯಲ್ಲಿ, ಮಕ್ಕಳ ಚೀರಾಟದ ನಡುವೆ, ಒದ್ದೆ ಬೆಂಚಿನ ಮೇಲೆ ಟವೆಲ್ ಹಾಸಿ ಕೂತು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತಿದ್ದುತ್ತಿದ್ದ. ತಪ್ಪು ಒಂದು ಕಡೆ ಇರಲಿಲ್ಲ. ಇಲ್ಲಿ ಎಳೆದರೆ ಅಲ್ಲಿ ಬಿಚ್ಚುತ್ತಿತ್ತು. ಎರಡನೇ ವಾರದ ಕೊನೆಗೆ ಒಂದು ತಿದ್ದುಪಡಿ ಮಾಡಿ ಎಲ್ಲರ ಪರಿಶೀಲನೆಗೆ ಕಳಿಸಿದ. ಒಂಬತ್ತು ದಿನದ ಮೇಲೆ ಲಿಯಾನ್ ನಗರದ ಯಾರೋ ಒಬ್ಬರು, ಅವನ ಹಾಗೆಯೇ ಸಂಬಳವಿಲ್ಲದೆ ಬಿಡುವಿನಲ್ಲಿ ದುಡಿಯುವವರು, ತುಂಬ ವಿನಯದಿಂದ ಉತ್ತರಿಸಿದರು: ಇದರಿಂದ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳ ಕೋಷ್ಟಕ ಕೆಡುತ್ತದೆ, ದಯವಿಟ್ಟು ಮತ್ತೊಮ್ಮೆ ನೋಡಿ. ಅವರು ಹೇಳಿದ್ದು ನ್ಯಾಯವೇ. ಬೋಯೆ ಮತ್ತೆ ಮೊದಲಿನಿಂದ ಕೂತ.

"ಅಪ್ಪಾ! ನೋಡಿದ್ಯಾ?" ಲೆವ್ಕೆ ನೀರು ತೊಟ್ಟಿಕ್ಕಿಸುತ್ತ ಎದುರು ನಿಂತಿದ್ದಳು. ಕೈಯಲ್ಲಿ ಕಡಲಕುದುರೆಯ ಬಟ್ಟೆ ಬಿಲ್ಲೆ, ಈಜು ಬಂತು ಎಂದು ಮಕ್ಕಳಿಗೆ ಕೊಡುವ ಮೊದಲ ಬಿಲ್ಲೆ.

"ನೋಡ್ದೆ ಕಂದ. ಎಷ್ಟು ಚೆನ್ನಾಗಿ ಹಾರಿದೆ!"

"ಸುಳ್ಳು. ಎರಡು ಸಲ ತಿರುಗಿ ನೋಡ್ದೆ, ನೀನು ಎರಡು ಸಲವೂ ಬಗ್ಗಿಕೊಂಡೇ ಇದ್ದೆ."

ಎರಡು ವಾರ ಐದಾಯಿತು. ಟೆಲ್ಜೆ ಮತ್ತೆ ಕೇಳಲಿಲ್ಲ. ಅವರು ಬೆಳಿಗ್ಗೆ ಏಳಕ್ಕೆ ಬರುತ್ತಿದ್ದವರು ಐದೂವರೆಗೆ ಬರತೊಡಗಿದರು. ಒಂದು ನಡಾವಳಿಯನ್ನು ಮೂರು ಮೂರು ಸಲ ಕೇಳಿ ತಾಳೆ ನೋಡುವರು. ಕೊನೆಗೆ ಗೇಸ್ಕೆಯನ್ನು ಕರೆದು, "ಸ್ವಲ್ಪ ಕಣ್ಣು ಸಾಲ ಕೊಡ್ತೀಯಾ?" ಎನ್ನುವರು.

"ನನ್ನ ತಪ್ಪನ್ನ ಇಷ್ಟು ವರ್ಷ ಹಿಡಿದವರು ಅವರು," ಎಂದಳು ಗೇಸ್ಕೆ ನೆಲಮಾಳಿಗೆಗೆ ಇಳಿದು ಬಂದು. "ಈಗ ಅವರ ಪಕ್ಕ ಕೂತು, ಇದು ಇಲ್ಲಲ್ಲ, ಅಲ್ಲಿ ಅಂತ ನಾನು ಹೇಳ್ಬೇಕು. ನಿನ್ನೆ ನಾನೂ ಒಂದು ಬಿಟ್ಟೆ. ಬೋಯೆ, ನಿನ್ನ ಆ ಏಣಿ ಎಲ್ಲಿಗೆ ಬಂತು?"

"ಇನ್ನೊಂದು ವಾರ."

"ನಿನ್ನ ವಾರಕ್ಕೆ ಎಷ್ಟು ದಿನವೋ ಮಾರಾಯ!"

ಗೇಸ್ಕೆ ಬಿಟ್ಟದ್ದು ಸಣ್ಣದೇ, ಆಟದ ಮೈದಾನದ ಬೇಲಿಯ ಮತ. ಅವಳಿಗೆ ಗೊತ್ತಾಗುವಷ್ಟರಲ್ಲಿ ನಡಾವಳಿ ಸದಸ್ಯರ ಕೈ ಸೇರಿತ್ತು. ನವೆಂಬರಿನ ಕೊನೆಯ ಸಭೆಯಲ್ಲಿ ಮೇಯರ್ ರೂಢಿಯ ಪ್ರಶ್ನೆ ಕೇಳಿ ಮುಂದಿನ ಹಾಳೆ ತಿರುವುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಕೈ ಎತ್ತಿದವರಿಗೇ ಮುಜುಗರವಾಗಿತ್ತಂತೆ. ಮೂಲೆಯ ಮೇಜಿನಲ್ಲಿ ಧ್ವನಿಮುದ್ರಣ ನೋಡಿಕೊಳ್ಳುತ್ತ ಕೂತಿದ್ದ ಟೆಲ್ಜೆಗೆ ಕೈ ಕಾಣಲಿಲ್ಲ. ಸಭೆ ಇದ್ದಕ್ಕಿದ್ದಂತೆ ಸದ್ದಡಗಿದ್ದು ಕೇಳಿಸಿತು.

ಡಿಸೆಂಬರ್ ಎರಡನೇ ವಾರ, ರದ್ದು ಮಾಡಬೇಕಾದ ಖಾತೆಗಳ ಪಟ್ಟಿ ಬೋಯೆಯ ಮೇಜಿಗೆ ಬಂತು. ಕೆಲಸ ಬಿಟ್ಟು ಹೋಗುವವರ ಖಾತೆಗಳು. ಮೂರನೇ ಹೆಸರು ಟೀಸನ್, ಟೆಲ್ಜೆ. ಜನವರಿ ಮೂವತ್ತೊಂದರಿಂದ ಸ್ವಇಚ್ಛೆಯ ನಿವೃತ್ತಿ, ಅವಧಿಗೆ ನಾಲ್ಕು ವರ್ಷ ಮುಂಚೆ.

ಅವನು ಡ್ರಾಯರಿನಿಂದ ನಮೂನೆ ತೆಗೆದು ನಿಂತಲ್ಲೇ ತುಂಬಿದ. 'ಸರಿಯಾಗಿ ಪರೀಕ್ಷಿಸಿರಲಿಲ್ಲ, ಹೊಣೆ ನನ್ನದು' ಎಂದು ಬರೆಯಲು ಮೂರು ನಿಮಿಷವೂ ಹಿಡಿಯಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದ.

"ಬರೆದಿದ್ದೀನಿ, ಫ್ರಾವ್ ಟೀಸನ್. ಎಲ್ಲ ಬರೆದಿದ್ದೀನಿ. ಹಳೇದನ್ನ ನಾಳೆಯೇ ಹಾಕ್ಕೊಡ್ತೀನಿ."

"ನಾನು ಕೇಳಿದ್ದು ಅಕ್ಟೋಬರ್‌ನಲ್ಲಿ, ಮಗಾ."

ಬೋಯೆ ಬಾಗಿಲಲ್ಲೇ ನಿಂತ. "ಜಗಳಾಡಿ ನನ್ನ ಮೇಲೆ. ದೂರು ಕೊಡಿ. ಅಂಗವಿಕಲ ನೌಕರರ ಪರವಾಗಿ ಮಾತಾಡೋ ಪ್ರತಿನಿಧಿ ಇದ್ದಾರೆ, ಕಾನೂನಿದೆ..."

"ಇದೆ. ಕಾನೂನು ನನ್ನ ಕುರ್ಚಿ ಉಳಿಸಿಕೊಡುತ್ತೆ, ಗೊತ್ತು." ಟೆಲ್ಜೆಯ ಬೆರಳು ಪಟ್ಟಿಯ ಮೇಲೆ ಸುಮ್ಮನೆ ಓಡಾಡುತ್ತಿತ್ತು. "ಆ ಸಭೇಲಿ ಎದ್ದ ಕೈಯನ್ನ ಇಳಿಸಿಕೊಡುತ್ತಾ?"

ಬೋಯೆ ಆ ಕಾಗದವನ್ನು ಮೇಯರ್ ಹತ್ತಿರ ಒಯ್ದ. ಬ್ರೋಡರ್ಸನ್ ಎರಡು ಸಲ ಓದಿದರು, ಗೋಡೆಯ ಮೇಲಿದ್ದ ಪ್ರಶಂಸಾಪತ್ರ ನೋಡಿದರು, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ವಯಸ್ಸಾಯ್ತು ಅಂದುಬಿಟ್ಟೆನಲ್ಲೋ ಅವತ್ತು ನಾನು," ಎಂದರು. "ನೀನು ಅಲ್ಲೇ ನಿಂತಿದ್ದೆ."

ಜನವರಿಯ ಸಭೆಯಲ್ಲಿ ಮೇಯರ್ ಎದ್ದು ನಿಂತು, ಅಕ್ಟೋಬರಿನಲ್ಲಾದ ತಪ್ಪು ನಡಾವಳಿ ಬರೆದವರದಲ್ಲ, ಕಚೇರಿಯದು ಎಂದು ದಾಖಲಿಸಲು ಹೇಳಿದರು. ಆ ವಾಕ್ಯವನ್ನು ಟೈಪು ಮಾಡಬೇಕಾದವರೂ ಟೆಲ್ಜೆಯೇ. ಮಾಡಿದರು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದು ಅವರ ಕೊನೆಯ ನಡಾವಳಿ.

ಈ ಕಡೆ ಬಿಟ್ಟು ಹೋಗುವವರೇ ಉಳಿಯುವವರಿಗೆ ಬಾಯಿ ಸಿಹಿ ಮಾಡಬೇಕು. ಟೆಲ್ಜೆ ಎರಡು ತಟ್ಟೆ ಬೆಣ್ಣೆ ಕೇಕು ಬೇಯಿಸಿ ತಂದಿದ್ದರು, ಬೆರಳಲ್ಲಿ ಅಳೆದು ಅಳೆದು ಒಂದೇ ಸಮ ಕೊಯ್ದ ತುಂಡುಗಳು. ಮೇಯರ್ ಹೂಗುಚ್ಛ ಕೊಟ್ಟರು. ಮಾತಾಡಿ ಎಂದಾಗ ಟೆಲ್ಜೆ, "ನನ್ನ ಕೋಣೆಗೆ ಯಾರು ಬರ್ತಾರೋ ಅವರಿಗೆ ಒಂದು ಹೊಸ ಬಲ್ಬು ಹಾಕ್ಸಿಕೊಡಿ. ಇರೋದು ಉರಿಯುತ್ತೋ ಇಲ್ವೋ ನಂಗೊತ್ತಿಲ್ಲ," ಎಂದರು. ಎಲ್ಲರೂ ನಕ್ಕರು. ಗೇಸ್ಕೆ ನಗುತ್ತಲೇ ಮುಖ ತಿರುಗಿಸಿಕೊಂಡಳು. ಬೋಯೆ ತನ್ನ ಪಾಲಿನ ಕೇಕು ತಿನ್ನದೆ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಮನೆಯಲ್ಲಿ ಲೆವ್ಕೆ ತಿಂದು, "ಇನ್ನೂ ಇದ್ಯಾ?" ಎಂದಳು.

ತಿದ್ದುಪಡಿ ಒಪ್ಪಿಗೆಯಾದದ್ದು ಮಾರ್ಚ್ ಆರರಂದು. ಲಿಯಾನಿನವರು, 'ಬಹಳ ಜನರಿಗೆ ಉಪಕಾರವಾಯಿತು' ಎಂದು ಬರೆದಿದ್ದರು. ಅವತ್ತು ಬೋಯೆ ಕಚೇರಿಯ ಅಂಗಳದಲ್ಲಿ ಸೈಕಲ್ ನಿಲ್ಲಿಸಿ ತಲೆಯೆತ್ತಿ ನೋಡಿದ. ಎರಡನೇ ಮಹಡಿಯ ಎಲ್ಲ ಕಿಟಕಿಗಳಲ್ಲೂ ಬೆಳಕಿತ್ತು.

ಶನಿವಾರ ಅವನು ಲ್ಯಾಪ್‌ಟಾಪನ್ನೂ ಕಚೇರಿಯ ಕಪಾಟಿನಲ್ಲಿ ಬಿದ್ದಿದ್ದ ಬ್ರೈಲ್ ಪಟ್ಟಿಯನ್ನೂ ಚೀಲಕ್ಕೆ ಹಾಕಿಕೊಂಡು ಒಡ್ಡಿನ ಹಿಂದಿನ ಬೀದಿಯ ಟೆಲ್ಜೆಯ ಮನೆಗೆ ಹೋದ.

"ಮೊಯಿನ್," ಎಂದು ಆ ಕಡೆಯ ನಮಸ್ಕಾರ ಹೇಳಿದರು ಟೆಲ್ಜೆ ಬಾಗಿಲು ತೆರೆದು. "ಚೀಲ ಭಾರವಾಗಿದೆ, ನಡಿಗೆಯಲ್ಲೇ ಗೊತ್ತಾಯ್ತು. ಒಳಗೆ ಬಾ."

ಲೋಟಕ್ಕೆ ಕಲ್ಲುಸಕ್ಕರೆ ಹಾಕಿ ಬಿಸಿ ಟೀ ಸುರಿದರು. ಸಕ್ಕರೆ ಚಟ್ಟೆಂದು ಬಿರಿಯುವುದನ್ನು ಕಿವಿಗೊಟ್ಟು ಕೇಳಿ, ಮೇಲೆ ಕೆನೆ ಬಿಟ್ಟರು. ಬೋಯೆ ಮೇಜಿನ ಮೇಲೆ ಪಟ್ಟಿ ಜೋಡಿಸಿ ಒಂದು ನಡಾವಳಿ ತೆರೆದ. ಏಕೆ ತಂದೆ ಎಂದು ಅವರು ಕೇಳಲಿಲ್ಲ. ಕೈ ಒರೆಸಿಕೊಂಡು ಕೂತರು. ಬೆರಳು ಕೋಷ್ಟಕದೊಳಗೆ ಇಳಿಯಿತು.

"ಎರಡನೇ ಸಾಲು, ಒಂದನೇ ಚೌಕ," ಎಂದು ಓದಿದರು. "ಎರಡನೇ ಚೌಕ. ಮೂರು. ಹೇಳ್ತಿದೆ, ಬೋಯೆ. ಹಳೇದಕ್ಕಿಂತ ಸ್ಪಷ್ಟವಾಗಿದೆ."

ಬೋಯೆ ಟೀಯನ್ನೇ ನೋಡುತ್ತ ಕೂತ.

ಟೆಲ್ಜೆ ನಿಲ್ಲಿಸಲಿಲ್ಲ. ಮೇಲೆ ಹೋದರು, ಕೆಳಗೆ ಬಂದರು, ಹಿಂದೆ ಹೋದರು. ಆ ಬೆರಳುಗಳ ಓಟದಲ್ಲಿ ಐದು ನಿಮಿಷ ಅದೇ ಹಳೆಯ ಟಕಟಕ ಕೇಳಿಸಿತು. ಆಮೇಲೆ ಒಂದು ಕಡೆ ನಿಂತಿತು.

"ಇಲ್ಲಿ ನೋಡು. ಖಾಲಿ ಚೌಕಕ್ಕೆ ಬಂದಾಗ ಬಾಯಿ ಬಿಡಲ್ಲ ಇದು. ಒಂದು ಚುಕ್ಕೆಯೂ ಏಳಲ್ಲ. ಕಾಣದವರ ಹತ್ರ ಸುಮ್ಮನಿದ್ರೆ ಹೇಗೆ? ಅಲ್ಲಿ ಏನೂ ಇಲ್ವೋ, ಇದ್ದೂ ಇದು ಹೇಳ್ತಿಲ್ವೋ, ನಮಗೆ ಹೇಗೆ ತಿಳೀಬೇಕು? ಖಾಲಿ ಇದೆ ಅಂತಾದ್ರೂ ಹೇಳ್ಬೇಕು."

"ಹೌದು," ಎಂದ ಬೋಯೆ.

"ಬರ್ಕೊ ಮತ್ತೆ. ಎಲ್ಲೋ ಯಾರೋ ಒಬ್ಬಳು ಇದರ ಮುಂದೆ ಕೂತಿರ್ತಾಳೆ."

ಅವನು ಪೆನ್ನಿಗಾಗಿ ಜೇಬು ತಡಕಿದ. ಟೆಲ್ಜೆ ಪಟ್ಟಿಯ ತಂತಿ ಬಿಚ್ಚಿ, ನೀಟಾಗಿ ಸುತ್ತಿ, ಅವನ ಕಡೆ ಸರಿಸಿದರು. ಸರಿಸಿದ ಮೇಲೂ ಬಲಗೈಯ ಎರಡು ಬೆರಳು ಅದರ ಅಂಚಿನ ಮೇಲೆ ಒಂದಷ್ಟು ಹೊತ್ತು ಹಾಗೇ ಇದ್ದವು.

"ಬರ್ಕೊಂಡ್ಯಾ?"

"ಬರ್ಕೊಂಡೆ."

"ಟೀ ಆರ್ತಿದೆ, ಕುಡಿ," ಎಂದು ಕೈ ತೆಗೆದರು.